ಗಂಟೆ ಕ...ದವನು

ಇದು ನಡೆದ ಕಥೆ. ನಡೆಯುತ್ತಾ ನಡೆಯುತ್ತಲೇ ನಡೆದದ್ದರಿಂದ ಯಾರೂ ಅನುಮಾನಪಡಬೇಕಿಲ್ಲ.

ಅಜ್ಜ ಮತ್ತೆ ಬಂದಿದ್ದ. ಇದು ಮೂರನೇ ಶನಿವಾರ. ಗುಂಪಿನ ತುದಿಯಲ್ಲಿ ಊರುಗೋಲಿಗೆ ಗದ್ದ ಊರಿ ನಿಂತಿದ್ದ. ಎಲ್ಲರೂ ನಗುವಾಗ ಅವನೊಬ್ಬ ನಗುತ್ತಿರಲಿಲ್ಲ. ನಡಿಗೆ ನಡೆಸುತ್ತಿದ್ದ ಮೇಷ್ಟ್ರು ಹೆಜ್ಜೆ ಬಿರುಸು ಮಾಡಿದರು.

ವಾರವಿಡೀ ಶಾಲೆಯಲ್ಲಿ ಇತಿಹಾಸ ಹೇಳಿ ಮಕ್ಕಳನ್ನು ಮಲಗಿಸುತ್ತಿದ್ದ ಮೇಷ್ಟ್ರು, ಶನಿವಾರ ಚರ್ಚು ಸುತ್ತಿಸಿ, ಅದರ ಹಿಂದಿನ ಸ್ಮಶಾನಕ್ಕೆ ಜನರನ್ನು ಕರೆದೊಯ್ದು, ಸತ್ತವರನ್ನೇ ಎಬ್ಬಿಸುತ್ತಿದ್ದರು. ಪಾದ್ರಿಗಳ ಮೂಗಿನ ದನಿ, ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟು, ಹೂಜಿಯಲ್ಲಿ ಮಾತಾಡಿದಂತಿದ್ದ ಹಳೆಯ ಮೇಯರರ ಭಾಷಣ, ಎಲ್ಲವೂ ಅವರಿಗೆ ಕರಗತ. ಗೋಪುರದ ಗಂಟೆಯಂತೂ ಅವರ ಗಂಟಲಲ್ಲೇ ಇತ್ತು.

ನಡಿಗೆಯ ಕೊನೆಯ ನಿಲ್ದಾಣ ಒಂದು ಜೋಡಿ ಸಮಾಧಿ. ಒಂದೇ ಕಲ್ಲು, ಎರಡು ಭಾಗ. ಎಡಗಡೆ ಹೆಂಡತಿ; ನಲವತ್ತಮೂರು ವರ್ಷದ ಹಿಂದೆ ತೀರಿಕೊಂಡದ್ದು ಸ್ಪಷ್ಟವಾಗಿ ಕೆತ್ತಿತ್ತು. ಬಲಗಡೆ ಗಂಡ, ಹೆಸರು ಪಾಚಿಯಡಿ ಮುಚ್ಚಿಹೋಗಿತ್ತು, ಸತ್ತ ತಾರೀಖು ಇರಬೇಕಾದ ಜಾಗ ಮಳೆ ಗಾಳಿಗೆ ಸವೆದಂತೆ, ಅಂಗೈಯ ಹಾಗೆ ನುಣ್ಣಗಿತ್ತು. ಮರದ ಕೊಂಬೆ ಬಿದ್ದು ಚೂರೊಂದು ಹಾರಿಹೋಗಿ, ಉಳಿದದ್ದು ಇಷ್ಟೇ: ‘ಗಂಟೆ ಕ’, ಆಮೇಲೆ ಗುಳಿ, ಆಮೇಲೆ ‘ದವನು’.

ಐದು ವರ್ಷದ ಹಿಂದೆ ಮೇಷ್ಟ್ರು ಆ ಗುಳಿಯನ್ನು ನಾಲಿಗೆಯಿಂದ ತುಂಬಿದ್ದರು. “ಗಂಟೆ ಕದ್ದವನು! ದ-ಕಾರದ ಒತ್ತು ಎಲ್ಲಿ ಅಂತೀರಾ? ಹೋಗ್ತಾ ಅದನ್ನೂ ಎತ್ಕೊಂಡು ಹೋದ.”

ಆಮೇಲೆ ಕಥೆ. ಹಗಲು ಹನ್ನೊಂದಕ್ಕೆ ಕಳ್ಳ ಗಂಟೆ ಹೊತ್ತು ಗೋಪುರ ಇಳಿದನಂತೆ. ಹನ್ನೆರಡು ಮೆಟ್ಟಿಲು, ಮೆಟ್ಟಿಲಿಗೊಂದು ಢಣ್. ಊರವರು ಹನ್ನೆರಡಾಯಿತೆಂದು ಅಂಗಡಿ ಮುಚ್ಚಿ ಊಟಕ್ಕೆ ಹೋದರಂತೆ. ಕಳ್ಳ ಖಾಲಿ ಬೀದಿಯಲ್ಲಿ ರಾಜನಂತೆ ನಡೆದನಂತೆ. “ಒಂದು ಗಂಟೆ ಕದಿಯೋಕೆ ಬಂದವನು ಊರಿನ ಇನ್ನೊಂದು ಗಂಟೆನೂ ಕದ್ದ!” ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮೂರು ತಿಂಗಳ ಹಿಂದೆ ಚರ್ಚಿನ ಹಳೆಯ ದಾಖಲೆ ಪುಸ್ತಕದಲ್ಲಿ, ಆ ಹೆಂಡತಿಯ ಹೆಸರಿನ ಕೆಳಗೆ, ಮೇಷ್ಟ್ರಿಗೆ ಒಂದು ಸಾಲು ಸಿಕ್ಕಿತು: ‘ಗಂಡ: ನಮ್ಮ ಗೋಪುರಕ್ಕೆ ಗಂಟೆ ಕಟ್ಟಿದವನು.’

ಕಟ್ಟಿದವನು. ಅವನನ್ನು ಮೇಷ್ಟ್ರು ಐದು ವರ್ಷ ಕದ್ದವನನ್ನಾಗಿ ಮಾಡಿದ್ದರು. ಗಂಡನನ್ನು ಮಣ್ಣು ಮಾಡಿದ ದಾಖಲೆ ಹುಡುಕಿದರು, ಸಿಗಲಿಲ್ಲ, ಗೆದ್ದಲು ತಿಂದಿರಬೇಕು. ಪುಸ್ತಕ ಮುಚ್ಚಿದರು. ಮುಂದಿನ ಶನಿವಾರವೂ ಢಣ್ ಎಂದರು. ನಗು ಬಂತು, ಆದರೆ ಮೇಷ್ಟ್ರು ಕಲ್ಲಿನ ಕಡೆ ತಿರುಗಲಿಲ್ಲ.

ಈಗ ಮೇಷ್ಟ್ರ ಜೇಬಿನಲ್ಲಿ ಪಾದ್ರಿಗಳು ಗೇಟಿನ ಬಳಿ ಎಲ್ಲರೆದುರು ಜೋರಾಗಿ ಓದಿ ಕೊಟ್ಟ ಕಾಗದವಿತ್ತು. ಕಥೆ ಅಷ್ಟು ಪ್ರಸಿದ್ಧವಾಗಿದ್ದರಿಂದ ಸಮಾಧಿಯ ಮುಂದೆ ಬೋರ್ಡು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು: ‘ದಿವಂಗತ ಗಂಟೆಗಳ್ಳನ ಕಲ್ಲು.’ ಬೋರ್ಡು ಬರೆಯುವವನು ಗೇಟಿನ ಹತ್ತಿರ ಬಣ್ಣದ ಡಬ್ಬಿ ತೆರೆದು ಕೂತಿದ್ದ. ಮೇಷ್ಟ್ರು ಹೂಂ ಎಂದರೆ ಸುಳ್ಳು ಕಬ್ಬಿಣದ ಮೇಲೇರುತ್ತಿತ್ತು.

ಜೋಡಿ ಸಮಾಧಿ ಬಂತು. ಅಜ್ಜ ಮುಂದೆ ಬಂದು ಎಡಗಡೆ ಹೂವಿಟ್ಟ. ಬಲಗಡೆ ಒಂದು ಎಸಳೂ ಇಡಲಿಲ್ಲ. ಮೇಷ್ಟ್ರು ಅದನ್ನು ಗಮನಿಸಿದರು. ತಮ್ಮ ಮಾತು ಕೇಳಿ, ಮನೆಯವರೂ ಆ ಬಡಪಾಯಿಗೆ ಹೂವಿಡುವುದನ್ನು ಬಿಟ್ಟರೇ?

“ಇವರು ನಿಮಗೆ ಗೊತ್ತಾ, ಯಜಮಾನ್ರೇ?”

“ಆಂ?” ಅಜ್ಜನಿಗೆ ಕಿವಿ ಮಂದ.

“ಬಲಗಡೆಯವರು, ಗೊತ್ತಾ?”

“ಚಿಕ್ಕಂದಿನಿಂದ.”

“ಹತ್ತಿರದವರಾ?”

“ಅವನಷ್ಟು ಹತ್ತಿರದವರು ನನಗೆ ಇನ್ಯಾರೂ ಇಲ್ಲ.”

“ನನ್ನ ಕಥೆ ಕೇಳಿ...”

“ಮೊದಲನೇ ಸಲ ಮೈ ಉರೀತು. ಕೋಲು ತಗೊಂಡು ಹಾಕೋಣ ಅನ್ನಿಸ್ತು.”

ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಇಪ್ಪತ್ತು ಜನರ ಎದುರಿಗೆ, ಯಾರ ದನಿಯನ್ನೂ ಎರವಲು ಪಡೆಯದೆ, ತಮ್ಮದೇ ತೊದಲು ದನಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಕಳ್ಳನೂ ಇಲ್ಲ, ಮೆಟ್ಟಿಲೂ ಇಲ್ಲ. ಈ ಮನುಷ್ಯ ಗಂಟೆ ಕಟ್ಟಿದವನು. ಅದು ಗೊತ್ತಾದ ಮೇಲೂ ನಗುವಿನ ಆಸೆಗೆ ಹನ್ನೆರಡು ಶನಿವಾರ ಸುಳ್ಳು ಹೇಳಿದೆ ಎಂದರು. “ಸತ್ತವರು ತಿರುಗಿ ಮಾತಾಡಲ್ಲ ಅನ್ನೋ ಧೈರ್ಯ, ಯಜಮಾನ್ರೇ. ಅವರ ಕ್ಷಮೆ ಕೇಳೋಕಾಗಲ್ಲ. ನಿಮ್ಮನ್ನ ಕೇಳ್ತೀನಿ.”

ಗುಂಪಿನಲ್ಲಿ ಒಬ್ಬಾಕೆ ತನ್ನ ಮೊಬೈಲನ್ನು ಮೆಲ್ಲಗೆ ಕೆಳಗಿಳಿಸಿದಳು.

ಅಜ್ಜ ಎಡಗಡೆಯ ಹೂವನ್ನು ಕೋಲಿನ ತುದಿಯಿಂದ ಸರಿಮಾಡಿದ. “ಕಟ್ಟಿದವನು ಅಂತ ಇದ್ದಾಗ ಈ ಮೂಲೆಗೆ ಒಂದು ನಾಯಿನೂ ಬರ್ತಿರಲಿಲ್ಲ, ಮೇಷ್ಟ್ರೇ. ಕದ್ದವನು ಆದ್ಮೇಲೆ ಪ್ರತಿ ಶನಿವಾರ ಸಂತೆ. ಎಡಗಡೆ ಮಲಗಿರೋಳಿಗೆ ಜನ ಕಂಡ್ರೆ ಬಲು ಇಷ್ಟ.” ಕೈ ಚಾಚಿದ. “ಎಲ್ಲಿ, ಆ ಬೋರ್ಡಿನ ಕಾಗದ ಕೊಡಿ. ಪೆನ್ನೂ ಕೊಡಿ. ಒಂದು ತಪ್ಪಿದೆ ಅದರಲ್ಲಿ.”

ಮೇಷ್ಟ್ರು ತಲೆ ತಗ್ಗಿಸಿ ಕೊಟ್ಟರು. ಅಜ್ಜ ಕಲ್ಲಿನ ಮೇಲೆ ಕಾಗದ ಹರಡಿ, ಒಂದೇ ಒಂದು ಪದಕ್ಕೆ ಗೀಟು ಎಳೆದ. ಮೇಷ್ಟ್ರು ಬಗ್ಗಿ ನೋಡಿದರು. ‘ಗಂಟೆಗಳ್ಳ’ ಹಾಗೆಯೇ ಇತ್ತು. ಗೀಟು ಬಿದ್ದದ್ದು ‘ದಿವಂಗತ’ದ ಮೇಲೆ.

“ಅವಳ ಪಕ್ಕ ಜಾಗ ಹಿಡಿದಿಟ್ಟಿದೀನಿ ಅಷ್ಟೇ, ಇನ್ನೂ ಮಲಗಿಲ್ಲ,” ಎಂದು ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕ.