ಟೀ ಮಾಡುವವರು

"ಎಲ್ಲರೂ ಕಣ್ಣು ಮುಚ್ಚಿ. ಇವತ್ತು ಟೀ ಮಾಡೋರು ಯಾರು, ಅವರ ಕಡೆ ಬೆರಳು ತೋರಿಸಿ," ಎಂದರು, ವರ್ಣಭೇದದ ಬಗ್ಗೆ ತರಬೇತಿ ಕೊಡಲು ಬಂದವರು. ಅನಾಥ ಮಕ್ಕಳ ಸಂಸ್ಥೆಯ ಸಿಬ್ಬಂದಿ ಕೂತಿದ್ದ ಆ ಕೋಣೆ, ಮಗು ಮಲಗಿದ ಮನೆಯಂತೆ ಮೆತ್ತಗಾಯಿತು. ಪರದೆ ದಾಟಿದ ಬಿಸಿಲು ರೆಪ್ಪೆಗಳ ಮೇಲೆ ತೇಲಿತು.

ಕಣ್ಣು ತೆರೆದಾಗ ಎಲ್ಲ ಬೆರಳುಗಳೂ ಅಲ್ಲಿದ್ದ ಒಬ್ಬಳೇ ಕಪ್ಪು ಹುಡುಗಿಯ ಕಡೆಗಿದ್ದವು. ಅವಳೂ ಉಳಿದವರಂತೆ ಆಪ್ತಸಮಾಲೋಚಕಿಯೇ. "ನಮ್ಮಲ್ಲಿ ಭೇದಗೀದ ಏನಿಲ್ಲಪ್ಪ," ಎಂದು ಬೆಳಗ್ಗೆ ನಕ್ಕಿದ್ದ ಮುಖ್ಯಸ್ಥೆ ದೊಡ್ಡಕ್ಕನ ಬೆರಳೂ ಅತ್ತಲೇ. ಹುಡುಗಿ ಇನ್ನೂ ಕಣ್ಣು ತೆರೆದಿರಲಿಲ್ಲ. ಅವಳ ಬೆರಳು ತನ್ನ ಎದೆಯನ್ನೇ ತೋರಿಸುತ್ತಿತ್ತು.

ದೊಡ್ಡಕ್ಕ ಎದ್ದು ಬಂದು ಆ ಬೆರಳನ್ನು ಮೆಲ್ಲಗೆ ಮಡಚಿದರು. "ನೀನು ಕೂತಿರಮ್ಮ, ನಾನು ಮಾಡ್ತೀನಿ." ಬಾಗಿಲವರೆಗೆ ಹೋದವರು ಅಲ್ಲೇ ನಿಂತರು. "ನಿಂಗೆ ಸಕ್ಕರೆ ಎಷ್ಟು ಹಾಕ್ಲಿ?"

ಹುಡುಗಿ ಕಣ್ಣು ತೆರೆದಳು. "ನಾನು ಟೀ ಕುಡಿಯಲ್ಲ, ಅಕ್ಕ."