ತೌಡು ಕೊಟ್ಟು ತಂದವಳು

ರಕ್ತದ ಕ್ಯಾನ್ಸರ್ ಬಂದಿದ್ದ ದೊಡ್ಡಣ್ಣನಿಗೆ ಅಸ್ಥಿಮಜ್ಜೆ ಬೇಕಿತ್ತು. ಅವನದೇ ಅಚ್ಚಿನಂತಿದ್ದ ಚಿಕ್ಕಣ್ಣನದು ಹೊಂದಲಿಲ್ಲ. ಉಳಿದವಳು ತಂಗಿ ಜಯಶೀಲ. ಮನೆಯಲ್ಲಿ ಅವಳೊಬ್ಬಳೇ ಕಪ್ಪು. ‘ನಿನ್ನನ್ನ ಸಂತೇಲಿ ತೌಡು ಕೊಟ್ಟು ತಂದಿದ್ದು’ ಎಂದು ಅಣ್ಣಂದಿರು ಚಿಕ್ಕಂದಿನಲ್ಲಿ ರೇಗಿಸಿ ಅಳಿಸುತ್ತಿದ್ದರು. ಈಗ ನಲವತ್ತು ದಾಟಿದ ಅವಳು ಆಸ್ಪತ್ರೆಯ ವರಾಂಡದಲ್ಲಿ ತನ್ನ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ, ಕೂತಲ್ಲಿ ಕೂರಲಾರದೆ ಸೆರಗು ಹಿಂಡುತ್ತಿದ್ದಳು.

“ಸೂಜಿ ಅಂದ್ರೆ ಭಯಾನಾ?” ಎಂದ ಚಿಕ್ಕಣ್ಣ.

ಡಾಕ್ಟರು ನಗುತ್ತ ಬಂದರು. “ಜಯಶೀಲ ಅವರದು ಪೂರ್ತಿ ಹೊಂದುತ್ತೆ!”

“ಇವಳದಾ?” ಎಂದ ಚಿಕ್ಕಣ್ಣ.

“ಮುಖ ನೋಡಿ ಹೇಳೋಕಾಗಲ್ಲ ಸ್ವಾಮಿ. ವೀರ್ಯಾಣು, ಅಂಡಾಣು ತಯಾರಾಗುವಾಗ ಇಸ್ಪೀಟೆಲೆ ಕಲಸಿದ ಹಾಗೆ ಆಗುತ್ತೆ. ಪ್ರತಿ ಮಗುವಿಗೂ ಅಪ್ಪನದರಲ್ಲಿ ಅರ್ಧ, ಅಮ್ಮನದರಲ್ಲಿ ಅರ್ಧ. ಯಾವ ಎಲೆ ಯಾರಿಗೆ ಬೀಳುತ್ತೋ!”

ಜಯಶೀಲ ಡಾಕ್ಟರ ಕೈ ಹಿಡಿದುಕೊಂಡಳು. “ಹಂಗಾದ್ರೆ ನಾನು ನಮ್ಮಮ್ಮಂಗೇ ಹುಟ್ಟಿದ್ದಾ, ಡಾಕ್ಟ್ರೇ?”