ಮೂಕ ಮಣ್ಣು

ಕೆಂಪು ಹೆಂಟೆಯ ಮೇಲೆ ಒಂದು ಹನಿ ಆಮ್ಲ ಬಿಟ್ಟು, ಬಟ್ಟಲನ್ನು ಮಗಳು ಕಿವಿಯ ಹತ್ತಿರ ಹಿಡಿದಳು. ಹೆಂಟೆ ಸುರ್ ಎಂದಿತು.

ಅದು ಸದ್ದು ಮಾಡಬಾರದಿತ್ತು. ಮಣ್ಣಿನಲ್ಲಿ ಸುಣ್ಣವಿದ್ದರೆ ಆಮ್ಲ ಬಿದ್ದೊಡನೆ ನೊರೆಯೇಳುತ್ತದೆ. ಸುಣ್ಣ ತೀರಾ ಕಡಿಮೆಯಿದ್ದರೆ ನೊರೆ ಕಣ್ಣಿಗೆ ಬೀಳದು, ಸದ್ದು ಮಾತ್ರ ಕೇಳುತ್ತದೆ. ಚೆನ್ನಾಗಿ ಮಳೆ ಕಂಡ ಮಣ್ಣಿನಲ್ಲಿ ಸುಣ್ಣವೆಲ್ಲ ತೊಳೆದುಹೋಗಿ ಆ ಸದ್ದೂ ಇರುವುದಿಲ್ಲ. ಅಂಥದಕ್ಕೆ ಅಪ್ಪ ಇಟ್ಟ ಹೆಸರು ಮೂಕ ಮಣ್ಣು. ಮರಳುಗಾಡಿನ ಆಳದಿಂದ ಅಗೆದು ತಂದ ಈ ಕೆಂಪು ಪದರವನ್ನು ಅಪ್ಪನೇ ಕೈಯಾರೆ ಪರೀಕ್ಷಿಸಿ ಮೂಕ ಎಂದಿದ್ದ. ಆ ಮರಳುಗಾಡಿನಲ್ಲಿ ಒಂದಾನೊಂದು ಕಾಲದಲ್ಲಿ ಕೊಡೆಯಿಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ ಎಂದು ಅವಳ ಹಾಲುಹಲ್ಲು ಬೀಳುವ ವಯಸ್ಸಿನಿಂದ ಹೇಳಿಕೊಂಡು ಬಂದವನಿಗೆ ಕೊನೆಗೂ ಸಾಕ್ಷಿ ಸಿಕ್ಕಿತ್ತು. ನಾಳೆಯ ವಿಜ್ಞಾನಿಗಳ ಸಭೆಯಲ್ಲಿ ಅದನ್ನೇ ಹೇಳುವವನಿದ್ದ.

ಮಗಳು ಮೊದಲು ಅನುಮಾನಪಟ್ಟದ್ದು ತನ್ನನ್ನೇ. ಕೈ ತೊಳೆದಳು. ಬಟ್ಟಲು ಬದಲಿಸಿದಳು. ಆಮ್ಲದ ಹೊಸ ಬಾಟಲಿ ತೆರೆದಳು. ಫ್ಯಾನು ನಿಲ್ಲಿಸಿ, ಇನ್ನೊಂದು ಹೆಂಟೆಯ ಒಳಗಿನ ಚೂರು ಕಿತ್ತು ನೋಡಿದಳು. ಫ್ಯಾನಿನ ಗದ್ದಲವಿಲ್ಲದೆ ಸದ್ದು ಇನ್ನೂ ಸ್ಪಷ್ಟವಾಯಿತು.

ಹಾಗಾದರೆ ತಪ್ಪು ಎಲ್ಲಿ? ಅಪ್ಪನ ಬೆನ್ನ ಹಿಂದೆಯೇ ಸುರ್ರೆಂದು ಉಕ್ಕಿಹೋದ ಹಾಲು, ಅವನು ಓಗೊಡದ ಬಾಗಿಲಿನ ಗಂಟೆ, ಎಲ್ಲ ಒಟ್ಟೊಟ್ಟಿಗೆ ನೆನಪಾದವು. ನಿಮ್ಮಪ್ಪನಿಗೆ ಬೇಕಾದ್ದು ಮಾತ್ರ ಕೇಳಿಸುವುದು ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಗೊಣಗುವುದು ಬಿಟ್ಟು ಬಾಯಿ ಬಿಟ್ಟು ಮಾತಾಡಲು ಕಲಿ ಎಂದು ಅಪ್ಪ ತಿರುಗೇಟು ಕೊಡುತ್ತಿದ್ದ. ಇಬ್ಬರ ಜಗಳಕ್ಕೆ ಅವಳೂ ನಕ್ಕಿದ್ದಳು.

ಅಷ್ಟರಲ್ಲಿ ನಾಳೆಯ ಭಾಷಣವನ್ನು ಬಾಯಲ್ಲೇ ಒಪ್ಪಿಸಿಕೊಳ್ಳುತ್ತಾ ಅಪ್ಪ ಮನೆಯ ಪ್ರಯೋಗದ ಕೋಣೆಗೆ ಬಂದ. ಸುಮ್ಮನಿದ್ದುಬಿಡಬಹುದಿತ್ತು. ಈ ಹೆಂಟೆಯನ್ನು ಮತ್ತೆ ಕಿವಿಗೆ ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಅವಳು ಇನ್ನೊಂದು ಹನಿ ಬಿಟ್ಟು ಬಟ್ಟಲನ್ನು ಅವನ ಕೈಗಿಟ್ಟಳು.

ಅಪ್ಪ ಎಂದಿನಂತೆ ಕಣ್ಣು ಮುಚ್ಚಿ ಆಲಿಸಿದ.

"ಮೂಕ," ಎಂದ. "ಅನುಮಾನದ ಪಿಶಾಚಿ ನೀನು." ಕಣ್ಣು ತೆರೆದವನಿಗೆ ಅವಳ ಮುಖ ಕಂಡಿತು. ಬಟ್ಟಲನ್ನು ಇನ್ನೊಂದು ಕಿವಿಗೆ ಹಿಡಿದ. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟ. "ನಿನಗೆ ಕೇಳಿಸ್ತಿದೆಯಾ?"

ಅವಳು ತಲೆಯಾಡಿಸಿದಳು.

"ಜೋರಾಗಾ?"

"ಇಲ್ಲಪ್ಪಾ. ಯಾರೋ ಪಿಸುಗುಟ್ಟಿದ ಹಾಗೆ."

ಆ ಮಾತನ್ನು ಅವಳು ಎರಡು ಸಲ ಹೇಳಬೇಕಾಯಿತು.

ಅಪ್ಪ ಸ್ಟೂಲಿನ ಮೇಲೆ ಕುಳಿತ. ಭಾಷಣದ ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿದ. ಅಡುಗೆಮನೆಯ ಕಡೆ ತಿರುಗಿ ನೋಡಿದ.

"ಹಾಗಾದ್ರೆ ನಿಮ್ಮಮ್ಮ ಗೊಣಗ್ತಾ ಇರಲಿಲ್ಲ," ಎಂದ.

ಅವಳಿಗೆ ಅಳು ಬಂತು, ನಗುವೂ ಬಂತು. ಸಭೆಗೆ ಏನು ಹೇಳುತ್ತೀಯೆಂದು ಕೇಳಿದಳು, ಈ ಸಲ ಅವನ ಎದುರಿಗೆ ಬಂದು, ಬಿಡಿಸಿ ಬಿಡಿಸಿ. ಕೆಂಪು ಪದರದ ಮಳೆ ನಿಂತುಹೋಯಿತೆಂದು ಹೇಳುವುದು, ಮತ್ತೇನು ಎಂದ ಅಪ್ಪ. ಅದರ ಕೆಳಗಿನ ಕಂದು ಪದರದ ತಟ್ಟೆಯನ್ನು ಎಳೆದುಕೊಂಡ. ಅದನ್ನೂ ಅವನೇ ಮೂಕ ಎಂದಿದ್ದ. ಒಂದು ಹೆಂಟೆ ಆರಿಸಿ ಬಟ್ಟಲಿಗೆ ಹಾಕಿ, ತಾನೇ ಹನಿ ಬಿಟ್ಟು ಅವಳತ್ತ ನೂಕಿದ. ಅವಳು ಅದನ್ನು ಕಿವಿಗೆ ಹಿಡಿದಳು. ಅಪ್ಪನ ಕಣ್ಣು ಅವಳ ತುಟಿಗಳ ಮೇಲೆ ನೆಟ್ಟಿತ್ತು.

"ಇದ್ದದ್ದನ್ನ ಇದ್ದ ಹಾಗೆ ಹೇಳು ಮಗಳೇ," ಎಂದ. "ನನ್ನ ಮೇಲಿನ ಪ್ರೀತಿಗೆ ಮಳೆ ಸುರಿಸಬೇಡ."